ಚಿಲ್ಲರೆ ಕೈಗೆ ಎಣಿಸಿ ಕೊಡೋದು ಹೆಂಗೆ? ಬಿಲ್ಲಿಂದ ಮೇಲಕ್ಕೆ ಎಣಿಸ್ತಾರಲ್ಲ, ಅದು

ದುರ್ಗಿಗುಡಿ ಹುಡುಗಿ:

ಎಲ್ಲರಿಗೂ ನಮಸ್ಕಾರ. ಸಣ್ಣ ವಿಷಯ, ನಗಬೇಡಿ. ಡಿಗ್ರಿ ಮುಗೀತು, ಬ್ಯಾಂಕ್ ಪರೀಕ್ಷೆಗೆ ಓದ್ತಾ ಇದೀನಿ, ಸಂಜೆ ಹೊತ್ತು ಶಿವಮೊಗ್ಗದಲ್ಲೇ ಮನೆ ಹತ್ರದ ಒಂದು ದಿನಸಿ ಅಂಗಡಿಲಿ ಗಲ್ಲಾ ನೋಡ್ಕೋತೀನಿ. ಬಿಲ್ಲಿಂಗ್‌ಗೆ ಕಂಪ್ಯೂಟರ್ ಇದೆ, ಗಿರಾಕಿ ಎಷ್ಟು ಕೊಟ್ರು ಅಂತ ಹೊಡೆದ್ರೆ ವಾಪಸ್ ಎಷ್ಟು ಅಂತ ಅದೇ ತೋರಿಸುತ್ತೆ, ನಾನು ಅಷ್ಟನ್ನ ಒಟ್ಟಿಗೆ ತೆಗೆದು ಬಿಲ್ ಜೊತೆ ಕೈಗಿಡ್ತೀನಿ. ಇದರಲ್ಲಿ ಕಲಿಯೋಕೆ ಎಂತದೂ ಇಲ್ಲ ಅಂದ್ಕೊಂಡಿದ್ದೆ.

ಆದ್ರೆ ಓನರ್ ಅವರ ಅಪ್ಪ, ತುಂಬ ವಯಸ್ಸಾದವರು, ಮಧ್ಯ ಮಧ್ಯ ಬಂದು ಗಲ್ಲಾದಲ್ಲಿ ಕೂರ್ತಾರೆ. ಅವರು ಸ್ಕ್ರೀನ್ ಕಡೆ ತಲೆ ಎತ್ತೋದೇ ಇಲ್ಲ. ಬಿಲ್ ಎಷ್ಟಾತು ಅಂತ ಕೇಳ್ತಾರೆ, ಅಲ್ಲಿಂದ ಶುರು ಮಾಡಿ ಏನೋ ಮೇಲೆ ಮೇಲೆ ಎಣಿಸ್ತಾ ಗಿರಾಕಿ ಅಂಗೈಗೆ ಒಂದೊಂದೇ ಹಾಕ್ತಾ ಹೋಗ್ತಾರೆ, ಕೊನೆಗೆ "ಐನೂರು ಆತಲ್ಲ" ಅಂತಾರೆ, ಗಿರಾಕಿ ಮತ್ತೆ ಎಣಿಸದೆ ಜೇಬಿಗೆ ಹಾಕ್ಕೊಂಡು ಹೊರಟೇಬಿಡ್ತಾರೆ. ಅದೇ ಗಿರಾಕಿ ನನ್ನ ಹತ್ರ ಚಿಲ್ಲರೆ ಇಸ್ಕೊಂಡ್ರೆ ಕೌಂಟರ್ ಎದುರೇ ನಿಂತು ಎರಡೆರಡು ಸಲ ಎಣಿಸ್ತಾರೆ, ಹಿಂದೆ ಕ್ಯೂ ಬೆಳೀತಾ ಇರುತ್ತೆ. ನನ್ನ ಮೇಲೆ ನಂಬಿಕೆ ಇಲ್ವೇನೋ ಅನ್ಸುತ್ತೆ.

ಅಜ್ಜನ್ನ ಕೇಳಿದ್ರೆ "ನೋಡಿ ಕಲಿ" ಅಂತಾರೆ ಅಷ್ಟೇ, ಅವರ ಸ್ಪೀಡಿಗೆ ನಂಗೆ ತಲೆಬುಡ ಗೊತ್ತಾಗಲ್ಲ. ಇನ್ನೊಂದು, ನಾನು 500 ಅಂತ ಹೊಡೆದು ಡ್ರಾ ತೆಗೆದ ಮೇಲೆ "ತಡಿ ತಡಿ, ಏಳು ರೂಪಾಯಿ ಚಿಲ್ಲರೆ ಇದೆ" ಅಂತಾರಲ್ಲ, ಆಗ ಎಂತ ಮಾಡೋದು? ಕಂಪ್ಯೂಟರ್ ಇದ್ದೂ ಬಾಯಲ್ಲಿ ಎಣಿಸಬೇಕಾ?

ಬಸ್‌ಸ್ಟ್ಯಾಂಡ್ ಅಂಗಡಿ, ತೀರ್ಥಹಳ್ಳಿ:

ತಂಗಿ, ನಿಮ್ಮ ಅಜ್ಜ ಕಳೆಯೋ ಲೆಕ್ಕ ಮಾಡ್ತಾನೇ ಇಲ್ಲ, ಬರೀ ಕೂಡ್ತಾ ಇದಾರೆ. ಬಿಲ್ 137 ಆತು, 500ರ ನೋಟು ಕೊಟ್ರು ಅಂತ ಇಟ್ಕೊಳ್ಳಿ. 363 ಅನ್ನೋದನ್ನ ಮರೆತುಬಿಡಿ. "ನೂರಾ ಮೂವತ್ತೇಳು" ಅಂತ ಬಾಯಿಬಿಟ್ಟು ಹೇಳಿ, ಮೂರು ರೂಪಾಯಿ ನಾಣ್ಯ ಹಾಕಿ "ನೂರಾ ನಲವತ್ತು", ಹತ್ತು ಹಾಕಿ "ನೂರೈವತ್ತು", ಐವತ್ತು ಹಾಕಿ "ಇನ್ನೂರು", ಇನ್ನೂರರ ನೋಟು ಹಾಕಿ "ನಾನೂರು", ನೂರು ಹಾಕಿ "ಐನೂರು". ಮುಗೀತು. ಅವರು ಕೊಟ್ಟ ಮೊತ್ತ ಬಂದಲ್ಲಿಗೆ ನಿಮ್ಮ ಕೈ ನಿಲ್ಲುತ್ತೆ, ಒಟ್ಟು ಎಷ್ಟು ವಾಪಸ್ ಕೊಟ್ರಿ ಅಂತ ನಿಮಗೂ ಗೊತ್ತಿರೋದು ಬೇಡ.

ನಿಮ್ಮ ಎದುರು ನಿಂತು ಎಣಿಸ್ತಾರೆ ಅಂದ್ರಲ್ಲ, ಅದರಲ್ಲಿ ಅಪನಂಬಿಕೆ ಎಂತದೂ ಇಲ್ಲ. ಗಿರಾಕಿ ತಲೇಲಿ ಇರೋದು ಎರಡೇ ಅಂಕಿ, ಬಿಲ್ 137, ಕೊಟ್ಟಿದ್ದು 500. 363 ಅನ್ನೋದು ನಿಮ್ಮ ಸ್ಕ್ರೀನಲ್ಲಿ ಇದೆ, ಅದು ನಿಮ್ಮ ಕಡೆ ಮುಖ ಮಾಡಿದೆ. ನೀವು ಒಟ್ಟಿಗೆ ಕೊಟ್ಟಾಗ ಅವರು ಮೊದಲು ಮನಸಲ್ಲಿ ಕಳೀಬೇಕು, ಆಮೇಲೆ ಕೈಲಿರೋ ನೋಟು ಕೂಡಬೇಕು, ಆಮೇಲೆ ಎರಡೂ ತಾಳೆ ಆಗ್ತಾ ನೋಡ್ಬೇಕು. ಅಜ್ಜ ಎಣಿಸುವಾಗ ಅವರೂ ಜೊತೇಲೇ ಎಣಿಸಿರ್ತಾರೆ, ಕೊಡೋದು ಮುಗಿಯೋದೂ ಪರೀಕ್ಷೆ ಮುಗಿಯೋದೂ ಒಂದೇ ಹೊತ್ತಿಗೆ. ನಿಧಾನ ಅನ್ಸೋದು ಅಷ್ಟೇ, ಕ್ಯೂ ಬೇಗ ಕರಗೋದು ಹೀಗೆ ಕೊಟ್ರೇ.

ಕಂಪ್ಯೂಟರ್ ವಿಷಯ. ಅದು ಲೆಕ್ಕ ತಪ್ಪಲ್ಲ ನಿಜ, ಆದ್ರೆ ಗಿರಾಕಿ 200 ಕೊಟ್ಟು ನೀವು 500 ಅಂತ ಒತ್ತಿದ್ರೆ ಅದು ಪಾಪ 500ಕ್ಕೇ ಸರಿಯಾಗಿ ಲೆಕ್ಕ ಹಾಕಿ ಕೊಡುತ್ತೆ. ಬಾಯಲ್ಲಿ ಎಣಿಸ್ತಾ "ಐನೂರು" ಅಂದಾಗ ಪ್ರಾಮಾಣಿಕ ಗಿರಾಕಿ ಅಲ್ಲೇ "ನಾನು ಕೊಟ್ಟಿದ್ದು ಇನ್ನೂರು ಮಾರಾಯ್ತಿ" ಅಂತಾರೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ, ಇದನ್ನ ಇವತ್ತಿಂದಲೇ ಮಾಡಿ. ಅವರು ಕೊಟ್ಟ ನೋಟನ್ನ ತಕ್ಷಣ ಡ್ರಾ ಒಳಗೆ ತುರುಕಬೇಡಿ. "ಐನೂರು ಕೊಟ್ರಿ" ಅಂತ ಜೋರಾಗಿ ಹೇಳಿ, ಗಲ್ಲಾ ಮೇಲೆ ಇಬ್ಬರಿಗೂ ಕಾಣೋ ಹಾಗೆ ಇಟ್ಟು ಮೇಲೊಂದು ತೂಕದ ಬಟ್ಟು ಇಡಿ. ಚಿಲ್ಲರೆ ಅವರ ಕೈ ಸೇರಿ, ಸರಿ ಅಂತ ತಲೆ ಆಡಿಸಿದ ಮೇಲೆ ಒಳಗೆ ಹಾಕಿ. "ನಾನು ಕೊಟ್ಟಿದ್ದು ಐನೂರು, ನೀನು ಇನ್ನೂರಕ್ಕೆ ಚಿಲ್ಲರೆ ಕೊಟ್ಟೆ" ಅನ್ನೋ ಜಗಳ ಒಮ್ಮೆ ಶುರು ಆದ್ರೆ ಡ್ರಾ ಒಳಗಿನ ನೋಟು ಸಾಕ್ಷಿ ಹೇಳಲ್ಲ. ಮೋಸ ಮಾಡೋರೂ ಇದಾರೆ, ಚಿಲ್ಲರೆ ಎಣಿಸ್ತಾ ಇರುವಾಗ ಮಧ್ಯ "ಹಾಗೇ ಈ ನೂರಕ್ಕೂ ಹತ್ತರ ನೋಟು ಕೊಡಿ, ಅಲ್ಲ ಬೇಡ, ಆ ಐನೂರು ವಾಪಸ್ ಕೊಡಿ" ಅಂತ ಗೋಜಲು ಎಬ್ಬಿಸ್ತಾರೆ. ಯಾರೇ ಆಗ್ಲಿ, ಒಂದು ವ್ಯವಹಾರ ಪೂರ್ತಿ ಮುಗಿಸಿ ಇನ್ನೊಂದು.

ಸ್ಕ್ಯಾನ್ ಮಾಡಿ ಸ್ವಾಮಿ:

ಇಷ್ಟೆಲ್ಲ ಎಂತಕ್ಕೆ? ಕೌಂಟರಲ್ಲಿ ಕ್ಯೂಆರ್ ಕೋಡ್ ಅಂಟಿಸಿ, 137 ಅಂದ್ರೆ 137ಏ ಬರುತ್ತೆ. ಯುಪಿಐ ಬಂದಿದ್ದು 2016ರಲ್ಲಿ, ಇನ್ನೂ ಮೂರು ರೂಪಾಯಿ ನಾಣ್ಯ ಹುಡುಕ್ತಾ ಕೂತಿದೀರಲ್ಲ.

ಹೊಸನಗರ ಮಳೆ:

@ಸ್ಕ್ಯಾನ್ ಮಾಡಿ ಸ್ವಾಮಿ ಆಷಾಢದಲ್ಲಿ ಒಂದು ವಾರ ನಮ್ಮ ಕಡೆ ಬಂದು ಉಳ್ಕೊಳ್ಳಿ ಸರ್, ಊಟ ನಂದು. ಗಾಳಿ ಬೀಸಿದ್ರೆ ಕರೆಂಟ್ ಹೋಗುತ್ತೆ, ಟವರ್ ಬ್ಯಾಟರಿ ಇರೋವರೆಗೆ ನೆಟ್‌ವರ್ಕ್, ಆಮೇಲೆ ಫೋನಲ್ಲಿ ಟೈಮ್ ನೋಡ್ಬಹುದು ಅಷ್ಟೇ. ಅಡಿಕೆ ಕೊಯ್ಲಲ್ಲಿ ಎಷ್ಟೋ ಕಡೆ ಕೂಲಿ ಕೈಗೇ ಕೊಡೋದು, ಆ ದುಡ್ಡು ಸಂಜೆ ಅಂಗಡಿಗೆ ನೋಟಾಗೇ ಬರುತ್ತೆ. ಅದೂ ಬರೀ 500ರದ್ದು, ಯಾಕಂದ್ರೆ ಎಟಿಎಂ ಉಗುಳೋದು ಅದನ್ನೇ. 100 ಇಲ್ಲಾ 200ರ ನೋಟೂ ಎಟಿಎಂಗಳಲ್ಲಿ ಸಿಗೋ ಹಾಗೆ ಮಾಡಿ ಅಂತ ರಿಸರ್ವ್ ಬ್ಯಾಂಕ್ 2025ರ ಏಪ್ರಿಲಲ್ಲಿ ಬ್ಯಾಂಕುಗಳಿಗೆ ಹೇಳಿತ್ತು, ನಮ್ಮೂರಿನ ಒಂದೇ ಒಂದು ಎಟಿಎಂ ಮುಂದೆ ನಿಂತವರಿಗೆ ಅದು ಸಿಕ್ಕಿದೆಯಾ ಅನ್ನೋದು ಬೇರೆ ಮಾತು.

ಪ್ರಶ್ನೆ ಕೇಳಿದ ಅಕ್ಕನಿಗೆ ಒಂದೇ ಮಾತು, ನಾಣ್ಯ ಮೊದಲು ಅಂಗೈಗೆ, ನೋಟು ಆಮೇಲೆ. ನೋಟಿನ ಮೇಲೆ ನಾಣ್ಯ ಪೇರಿಸಿ ಬಿಲ್ಲನ್ನೂ ಮಡಚಿ ಕೊಟ್ರೆ ಜಾರಿ ಬೀಳುತ್ತೆ, ಒಂದು ಕೈಲಿ ಕೊಡೆ ಒಂದು ಕೈಲಿ ಚೀಲ ಹಿಡಿದವರು ಬಗ್ಗಿ ಹುಡುಕ್ಬೇಕು. ಕೆಳಗಿಂದ ಎಣಿಸ್ತಾ ಹೋದ್ರೆ ನಾಣ್ಯ ತಾನಾಗೇ ಮೊದಲು ಬರುತ್ತೆ.

ನಿವೃತ್ತ ಕ್ಯಾಷಿಯರ್, ಸಾಗರ:

ತೀರ್ಥಹಳ್ಳಿಯವರು ಸರಿಯಾಗಿ ಹೇಳಿದಾರೆ, ನಾನು ಸ್ವಲ್ಪ ಸೇರಿಸ್ತೀನಿ. ನಾವು ಬ್ಯಾಂಕಲ್ಲಿ ಹೀಗೆ ಮೇಲಕ್ಕೆ ಎಣಿಸ್ತಾ ಇರ್ಲಿಲ್ಲ, ಎಷ್ಟು ಕೊಡ್ಬೇಕೋ ಅಷ್ಟನ್ನ ನೇರ ಎಣಿಸಿ ಕೊಡ್ತಿದ್ವಿ. ಯಾಕಂದ್ರೆ ಅಲ್ಲಿ ಕೊಡೋ ಮೊತ್ತ ಗ್ರಾಹಕರೇ ಸ್ಲಿಪ್ಪಲ್ಲಿ ಬರೆದಿರ್ತಾರೆ, ಇಬ್ಬರಿಗೂ ಗೊತ್ತಿರೋ ಅಂಕಿ ಅದು. ಅಂಗಡಿಲಿ ಹಾಗಲ್ಲ. ಹಾಗಾಗಿ ಮಗಳೇ, ಬ್ಯಾಂಕ್ ಪರೀಕ್ಷೆ ಪಾಸಾಗಿ ಕೌಂಟರಿಗೆ ಬಂದ ಮೇಲೆ ಅಜ್ಜನ ಪದ್ಧತಿ ಅಲ್ಲಿ ಬಳಸೋಕೆ ಹೋಗ್ಬೇಡ, ಇಲ್ಲಿ ಬಿಡಬೇಡ.

ಆ ಅಜ್ಜನ ವಯಸ್ಸು ಎಷ್ಟೋ ಗೊತ್ತಿಲ್ಲ, ಆದ್ರೆ ನಮ್ಮ ತಂದೆಯವರೂ ಹೀಗೇ ಎಣಿಸ್ತಿದ್ರು, ಅವರು ಆಣೆ ಕಾಲದವರು. ಪೈಸೆ ಲೆಕ್ಕ ನೂರಕ್ಕೆ ಬಂದಿದ್ದು 1957ರ ಏಪ್ರಿಲ್ 1ಕ್ಕೆ, ಅದಕ್ಕೂ ಮುಂಚೆ ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ. ಐದಾಣೆ ಮೂರು ಪೈಸೆ ಸಾಮಾನು ತಗೊಂಡು ಒಂದು ರೂಪಾಯಿ ಕೊಟ್ರೆ ಕಳೆದು ನೋಡಿ, ತಲೆ ಕೆಡುತ್ತೆ. ಕೂಡಿದ್ರೆ ಒಂದು ಪೈಸೆ ಇಟ್ರೆ ಆರಾಣೆ, ಎರಡಾಣೆ ಇಟ್ರೆ ಎಂಟಾಣೆ, ಎಂಟಾಣೆ ಇಟ್ರೆ ರೂಪಾಯಿ. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠ ಮಾಡಿದ ತಲೆಮಾರು ಅದು, ಆದ್ರೂ ಗಲ್ಲಾದಲ್ಲಿ ಸುಲಭದ ದಾರೀನೇ ಹಿಡೀತಿದ್ರು.

ಈಗ ನಿನ್ನ ಏಳು ರೂಪಾಯಿ ವಿಷಯ. ಕೀಬೋರ್ಡ್ ಮುಟ್ಟಬೇಡ. ಆ ಏಳನ್ನ ಬಿಲ್ಲಿಂದ ಇಳಿಸಿಬಿಡು. 137 ಇದ್ದಿದ್ದು 130 ಆಯ್ತು, ಇನ್ನು ಐನೂರಕ್ಕೆ ಎಣಿಸು. ಇಪ್ಪತ್ತು ಹಾಕಿದ್ರೆ ನೂರೈವತ್ತು, ಐವತ್ತು ಹಾಕಿದ್ರೆ ಇನ್ನೂರು, ಮೂರು ನೂರರ ನೋಟು ಹಾಕಿದ್ರೆ ಐನೂರು. ಬಿಲ್ಲಿನ ಕೊನೆ ಅಂಕಿಗೆ ಸಂಬಂಧವೇ ಇಲ್ಲದ ಚಿಲ್ಲರೆ ಕೊಟ್ರೂ ಇದೇ ದಾರಿ.

ಕಣ್ಣು ಕಾಣದ ಗಿರಾಕಿಗಳು ಬಂದಾಗ ಮಾತ್ರ ಇನ್ನೂ ನಿಧಾನ ಮಾಡು. ಪ್ರತಿ ನೋಟಿಗೂ ಅದು ಎಷ್ಟರದ್ದು ಅಂತ ಹೇಳಿ, ಮಡಚದೆ, ಒಂದೊಂದಾಗಿ ಕೈಗಿಡು. ಈಗಿನ ನೋಟಲ್ಲಿ 500ರದ್ದು 150 ಮಿಲಿಮೀಟರ್ ಉದ್ದ, 200ರದ್ದು 146, 100ರದ್ದು 142. ಅಗಲ ಮೂರಕ್ಕೂ 66. ನಾಲ್ಕು ಮಿಲಿಮೀಟರ್ ವ್ಯತ್ಯಾಸ ಬೆರಳಿಗೆ ತಿಳೀಬೇಕು ಅಂದ್ರೆ ಎಷ್ಟು ಕಷ್ಟ ನೋಡು. ಅದರ ಮೇಲೆ ಹಳೇ ನೂರರ ನೋಟು ಇನ್ನೂ ಓಡ್ತಾ ಇದೆ, ಅದರ ಉದ್ದ 157, ಅಂದ್ರೆ ಹೊಸ ಐನೂರಕ್ಕಿಂತ ದೊಡ್ಡದು! ನೋಟಿನ ಅಂಚಲ್ಲಿ ಉಬ್ಬು ಗೆರೆ ಇರುತ್ತೆ, ನೂರಕ್ಕೆ ನಾಲ್ಕು, ಐನೂರಕ್ಕೆ ಐದು, ಆದ್ರೆ ನಾಲ್ಕು ಕೈ ಬದಲಾಗಿ ಮೆತ್ತಗಾದ ನೋಟಲ್ಲಿ ಅದು ಎಲ್ಲಿ ಸಿಗುತ್ತೆ. ರಿಸರ್ವ್ ಬ್ಯಾಂಕಿನವರು 2020ರ ಜನವರಿಲಿ ಮಣಿ ಅಂತ ಒಂದು ಆ್ಯಪ್ ಬಿಟ್ರು, ಕ್ಯಾಮೆರಾ ಎದುರು ನೋಟು ಹಿಡಿದ್ರೆ ಎಷ್ಟರದ್ದು ಅಂತ ಹೇಳುತ್ತೆ. ಒಳ್ಳೇದೇ, ಆದ್ರೆ ಗಲ್ಲಾ ಎದುರು ನೂಕುನುಗ್ಗಲಲ್ಲಿ ಫೋನ್ ತೆಗೆದು ಒಂದೊಂದೇ ನೋಟು ತೋರಿಸ್ತಾ ನಿಲ್ಲೋಕೆ ಜನ ಬಿಡ್ತಾರಾ?

ಬಸ್ಸಿನ ಹಿಂಬಾಗಿಲು:

ಖಾಸಗಿ ಬಸ್ಸಲ್ಲಿ ಕಂಡಕ್ಟರ್ ಆಗಿದ್ದವ ನಾನು, ಶಿವಮೊಗ್ಗ ತೀರ್ಥಹಳ್ಳಿ ಲೈನು. ನಿಮ್ಮ ಈ ಮೇಲಕ್ಕೆ ಎಣಿಸೋದು ನಮಗೆ ಆಗ್ತಿರ್ಲಿಲ್ಲ, ಒಂದು ಕೈ ಕಂಬಿ ಮೇಲೆ, ಇನ್ನೊಂದು ಕೈಲಿ ಟಿಕೆಟ್ಟು, ತಿರುವಲ್ಲಿ ಯಾರ ಮೈ ಮೇಲೆ ಬೀಳ್ತೀವೋ ಗೊತ್ತಿಲ್ಲ. ನೋಟನ್ನ ಉದ್ದಕ್ಕೆ ಮಡಚಿ ಬೆರಳ ಸಂದಿಲಿ ಬೀಸಣಿಗೆ ಥರ ಸಿಕ್ಕಿಸ್ಕೊಳ್ಳೋದು, ಹತ್ತರದ್ದು ಒಂದು ಸಂದಿ, ಐವತ್ತರದ್ದು ಇನ್ನೊಂದು, ನೂರರದ್ದು ಇನ್ನೊಂದು, ನೋಡದೇ ಎಳೀಬಹುದು. ಚಿಲ್ಲರೆ ಇಲ್ದಿದ್ರೆ ಟಿಕೆಟ್ ಹಿಂದೆ ಬರೆದುಕೊಟ್ಟು ಇಳಿಯುವಾಗ ಇಸ್ಕೊಳ್ಳಿ ಅನ್ನೋದು. ಇಳಿಯೋ ಗಡಿಬಿಡಿಲಿ ಮರೆತು ಹೋಗೋರೇ ಜಾಸ್ತಿ, ಅದಕ್ಕೇ ನಮಗೆ ಬಂದ ಕೆಟ್ಟ ಹೆಸರೂ ಜಾಸ್ತಿ, ಅದು ಪೂರ್ತಿ ಸುಳ್ಳು ಅಂತ ನಾನೇನು ವಾದ ಮಾಡಲ್ಲ.

ತಂಗಿಗೆ ಒಂದು ಉಪಾಯ. ನಾಣ್ಯ ಬೇಕಾದ್ರೆ ರಾತ್ರಿ ಕೊನೇ ಟ್ರಿಪ್ ಮುಗಿಸಿ ಬರೋ ಖಾಸಗಿ ಬಸ್ಸಿನ ಕಂಡಕ್ಟರ್‌ನ ಕೇಳಿ, ಚೀಲ ಭಾರ ಆಗಿರುತ್ತೆ, ನೋಟು ಕೊಟ್ರೆ ಖುಷಿಯಿಂದ ಕೊಡ್ತಾರೆ. ಸರ್ಕಾರಿ ಬಸ್ಸಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ದುಡ್ಡು ಕೊಡೋ ಹಾಗಿಲ್ಲ, ಹಾಗಾಗಿ ಅವರ ಚೀಲಕ್ಕೆ ಬೀಳೋ ನಾಣ್ಯ ಕಮ್ಮಿ ಅಂತ ಅಲ್ಲಿರೋ ನಮ್ಮ ದೋಸ್ತಿಗಳು ಹೇಳ್ತಾರೆ. ಖಾಸಗಿಲಿ ಎಲ್ಲರೂ ಟಿಕೆಟ್ ತಗೋಬೇಕಲ್ಲ.

ದುರ್ಗಿಗುಡಿ ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮಾಡಿ ನೋಡಿದೆ. ಮೊದಲು ನಾಚಿಕೆ ಆತು, ಬಾಯಿಬಿಟ್ಟು ಎಣಿಸೋಕೆ, ಆದ್ರೆ ಒಬ್ಬರು ಅಮ್ಮ ನನ್ನ ಜೊತೇಲೇ "ಇನ್ನೂರು, ನಾನೂರು" ಅಂತ ತುಟಿ ಆಡಿಸ್ತಿದ್ರು, ಆಗ ತೀರ್ಥಹಳ್ಳಿ ಅಣ್ಣ ಹೇಳಿದ್ದು ಅರ್ಥ ಆತು. ಗಲ್ಲಾ ಮೇಲೆ ನೋಟು ಇಟ್ಟು ಬಟ್ಟು ಇಡೋದು ನೋಡಿ ಅಜ್ಜ ಏನೂ ಅನ್ಲಿಲ್ಲ, ಬಟ್ಟನ್ನ ಸ್ವಲ್ಪ ಆಚೆ ಸರಿಸಿ ಇಟ್ರು ಅಷ್ಟೇ!

ಈಗ ಒಂದು ಲೆಕ್ಕ ಚೆಕ್ ಮಾಡಿ. ಬಿಲ್ 268, 500 ಕೊಟ್ರು, ಆಮೇಲೆ 18 ಚಿಲ್ಲರೆ ತೆಗೆದ್ರು. ಬಿಲ್ಲಿಂದ 18 ಇಳಿಸಿದ್ರೆ 250. ಐವತ್ತು ಹಾಕಿ ಮುನ್ನೂರು, ಇನ್ನೂರು ಹಾಕಿ ಐನೂರು. ಸರಿ ತಾನೆ? ಮತ್ತೆ ಹತ್ತು ರೂಪಾಯಿ ನಾಣ್ಯ ಕೊಟ್ರೆ ಕೆಲವರು "ಇದು ನಡೆಯಲ್ಲ, ನೋಟು ಕೊಡಿ" ಅಂತಾರೆ. ಒಂದು ರೂಪಾಯಿ ಬದಲು ಚಾಕ್ಲೇಟ್ ಕೊಡು ಅಂತ ಓನರ್ ಹೇಳ್ತಾರೆ, ಅದಕ್ಕೂ ಬೈಸ್ಕೊಳ್ಳೋದು ನಾನೇ.

ನಿವೃತ್ತ ಕ್ಯಾಷಿಯರ್, ಸಾಗರ:

ಲೆಕ್ಕ ಸರಿ ಇದೆ. ಹತ್ತು ರೂಪಾಯಿ ನಾಣ್ಯ ಧಾರಾಳ ನಡೆಯುತ್ತೆ, 14 ಥರದ ವಿನ್ಯಾಸದಲ್ಲಿ ಬಂದಿದೆ, ಎಲ್ಲವೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟ ಮಾಡಿದೆ. ವಿನ್ಯಾಸ ಬೇರೆ ಬೇರೆ ಇದ್ದಿದ್ದಕ್ಕೇ ಜನ ಖೋಟಾ ಅಂದ್ಕೊಂಡಿದ್ದು. ನಡೆಯದೇ ಇರೋದು 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು, 2011ರ ಜೂನ್ 30ರಿಂದ. ಎಂಟಾಣೆ, ಅಂದ್ರೆ 50 ಪೈಸೆ ಕಾನೂನು ಪ್ರಕಾರ ಇವತ್ತಿಗೂ ನಡೆಯುತ್ತೆ, ತಗೊಳ್ಳೋರು ಇಲ್ಲ ಅಷ್ಟೇ. ಹಾಗಂತ ಯಾರಾದ್ರೂ ಎರಡು ಸಾವಿರ ರೂಪಾಯಿಯನ್ನ ನಾಣ್ಯದ ಮೂಟೇಲಿ ತಂದು ಸುರಿದ್ರೆ ಪೂರ್ತಿ ತಗೊಳ್ಳೇಬೇಕು ಅಂತಿಲ್ಲ, ರೂಪಾಯಿ ಮತ್ತು ಅದರ ಮೇಲಿನ ನಾಣ್ಯ ಒಂದು ಸಲಕ್ಕೆ ಸಾವಿರ ರೂಪಾಯಿವರೆಗೆ ಅಂತ 2011ರ ನಾಣ್ಯ ಕಾಯ್ದೇಲಿದೆ.

ಚಾಕ್ಲೇಟ್ ಬೇಡ ಅಂತ ಓನರ್‌ಗೆ ಹೇಳು. ಅದೇ ಚಾಕ್ಲೇಟ್ ನಾಳೆ ಗಿರಾಕಿ ವಾಪಸ್ ತಂದು ಒಂದು ರೂಪಾಯಿಗೆ ಹಿಡಿ ಅಂದ್ರೆ ಅವರು ಹಿಡೀತಾರಾ ಕೇಳು.

ಬಸ್‌ಸ್ಟ್ಯಾಂಡ್ ಅಂಗಡಿ, ತೀರ್ಥಹಳ್ಳಿ:

ಮಳೆಗಾಲ ಬರ್ತಾ ಇದೆ ತಂಗಿ, ಒದ್ದೆ ಜೇಬಿಂದ ಬಂದ ನೋಟು ಒಂದಕ್ಕೊಂದು ಅಂಟ್ಕೊಂಡಿರ್ತವೆ. ಬ್ಯಾಂಕಿಂದ ತಂದ ಹೊಸ ಕಟ್ಟೂ ಅಷ್ಟೇ, ಗರಿಗರಿ ನೋಟು ಎರಡು ಒಟ್ಟಿಗೆ ಬರ್ತವೆ. ಕೊಡುವಾಗ ಪ್ರತಿ ನೋಟನ್ನೂ ಹೆಬ್ಬೆರಳಲ್ಲಿ ಒಮ್ಮೆ ಉಜ್ಜಿ ಬಿಡಿ. ಹೊಸ ಕಟ್ಟು ಒಡೆದ್ರೆ ಮೊದಲೇ ಒಂದನ್ನ ತಿರುಗಿಸಿ ಒಂದನ್ನ ನೇರ ಮಾಡಿ ಜೋಡಿಸಿಡಿ.