ದೊಡ್ಡಪ್ಪ ಹಾಕಿದ ಕಲಾಂ ಕಥೆ ಮತ್ತು ನಮ್ಮ ಬಳಗ

ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಗುಂಪಿಗೆ ಹಾಕಿದ್ದು ಎಲ್ಲರ ಮೊಬೈಲಿಗೂ ಒಮ್ಮೆಯಾದರೂ ಬಂದು ಹೋದ ಕಥೆ. ನಾಸ್ತಿಕ ಪ್ರಾಧ್ಯಾಪಕರು ತರಗತಿಯಲ್ಲಿ ಕೇಳುತ್ತಾರೆ: ದೇವರು ಒಳ್ಳೆಯವನಾದರೆ ಕೆಡುಕನ್ನು ಸೃಷ್ಟಿಸಿದ್ದು ಯಾರು? ಹುಡುಗನೊಬ್ಬ ಎದ್ದು ನಿಲ್ಲುತ್ತಾನೆ. ಚಳಿ ಎಂಬುದಿಲ್ಲ, ಶಾಖ ಇಲ್ಲದಿರುವುದೇ ಚಳಿ. ಕತ್ತಲೆ ಎಂಬುದಿಲ್ಲ, ಬೆಳಕು ಇಲ್ಲದಿರುವುದೇ ಕತ್ತಲೆ. ಕೆಡುಕೂ ಹಾಗೆಯೇ ಎಂದು ಮೇಷ್ಟರ ಬಾಯಿ ಮುಚ್ಚಿಸುತ್ತಾನೆ. ಕೊನೆಯ ಸಾಲು ದಪ್ಪಕ್ಷರದಲ್ಲಿ: ಆ ಹುಡುಗನೇ ಅಬ್ದುಲ್ ಕಲಾಂ.

ಅಷ್ಟುದ್ದದ ಬರಹವನ್ನು ಓದಿ ಮುಗಿಸಲು ಬೇಕಾದ ಸಮಯಕ್ಕಿಂತ ಮೊದಲೇ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು.

ಚಿಕ್ಕಪ್ಪ: ಅದ್ಭುತ. ಆದರೆ ನನಗೆ ಇದೇ ಕಥೆ ಐನ್‌ಸ್ಟೈನ್ ಹೆಸರಿನಲ್ಲಿ ಬಂದಿತ್ತು.

ದೊಡ್ಡಪ್ಪ: ಇಬ್ಬರೂ ಹೇಳಿರಬಹುದು. ದೊಡ್ಡವರ ಯೋಚನೆ ಒಂದೇ ರೀತಿ ಇರುತ್ತದೆ.

ಬೆಂಗಳೂರಿನ ಅಣ್ಣ (ದೊಡ್ಡಪ್ಪನ ಮಗ, ಇವನು ಬರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು): ಅಪ್ಪ, ಮೂಲ ಎಲ್ಲಿದೆ? ಇಬ್ಬರೂ ಹೇಳಿದ್ದಕ್ಕೆ ಆಧಾರವೇ ಇಲ್ಲ. ಐನ್‌ಸ್ಟೈನ್ 1929ರಲ್ಲಿ ನ್ಯೂಯಾರ್ಕಿನ ಯಹೂದಿ ಧರ್ಮಗುರುವೊಬ್ಬರಿಗೆ ಕಳುಹಿಸಿದ ತಂತಿಯಲ್ಲಿ, ತಾನು ನಂಬುವುದು ತತ್ತ್ವಜ್ಞಾನಿ ಸ್ಪಿನೋಜಾನ ದೇವರನ್ನು, ಅಂದರೆ ಜಗತ್ತಿನ ನಿಯಮಬದ್ಧತೆಯಲ್ಲಿ ಕಾಣುವ ದೇವರನ್ನು, ಮನುಷ್ಯರ ಹಣೆಬರಹ ನೋಡಿಕೊಳ್ಳುವ ದೇವರನ್ನಲ್ಲ ಎಂದಿದ್ದರು. ಕೆಡುಕು ಎಂದರೆ ಒಳಿತಿನ ಅಭಾವ ಎಂಬ ವಾದ ಕ್ರೈಸ್ತ ಚಿಂತಕ ಸಂತ ಅಗಸ್ಟೀನನದು. ಸಾವಿರದ ಆರುನೂರು ವರ್ಷ ಹಳೆಯದು.

ದೊಡ್ಡಪ್ಪ: ಹಳೆಯದಾದರೆ ಇನ್ನೂ ಒಳ್ಳೆಯದು. ಮೂಲ ಕೇಳುವವನಿಗೆ ಅಜ್ಜನ ತಿಥಿ ಯಾವ ದಿನವೆಂದು ಗೊತ್ತಿದೆಯೇ? ಹೋದ ವರ್ಷ ಎಲೆಯ ಮುಂದೆ ನಿನ್ನ ಜಾಗ ಖಾಲಿ ಇತ್ತು.

ದುಬೈ ಅಕ್ಕ: ಕತ್ತಲೆ ಎಂದರೆ ನಮ್ಮ ಹಳೆಯ ಮನೆಯ ಕತ್ತಲೆ! ಚಿಮಿಣಿ ದೀಪದ ಮಸಿಗೆ ಬೆಳಿಗ್ಗೆ ಎಲ್ಲರ ಮೂಗೂ ಕಪ್ಪಾಗಿರುತ್ತಿತ್ತು. ಅಜ್ಜಿ ಹಲಸಿನ ಹಪ್ಪಳವನ್ನು ಕೆಂಡದ ಮೇಲೆ ಸುಡುತ್ತಿದ್ದರು. ಆ ಇಕ್ಕುಳ ಈಗ ಯಾರ ಮನೆಯಲ್ಲಿದೆ?

ಇಕ್ಕುಳದ ಬಗ್ಗೆ ಹನ್ನೊಂದು ಸಂದೇಶಗಳು ಬಂದವು. ಅವುಗಳನ್ನು ಬಿಡುತ್ತೇನೆ. ಪಾಲಿನ ಸಮಯದಲ್ಲಿ ಅದು ಯಾರ ಚೀಲ ಸೇರಿತು ಎಂಬುದು ಈಗಲೂ ಇತ್ಯರ್ಥವಾಗಿಲ್ಲ.

ದೊಡ್ಡಪ್ಪ: ವಿಷಯಕ್ಕೆ ಬನ್ನಿ. ದೇವರು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದ್ದಾನೆ. ಕೃಷ್ಣನೇ ಎಲ್ಲವನ್ನೂ ಬೋಧಿಸಿ ಕೊನೆಗೆ ಅರ್ಜುನನಿಗೆ ನಿನ್ನ ಇಷ್ಟದಂತೆ ಮಾಡು ಎಂದ. ಕೆಟ್ಟದ್ದನ್ನು ಮಾಡುವವರು ನಾವು, ಬೈಯುವುದು ಅವನನ್ನು.

ಬೆಂಗಳೂರಿನ ಅಣ್ಣ: ಕಳ್ಳತನ, ಕೊಲೆಗೆ ಆ ಮಾತು ಸರಿ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಗುಡ್ಡ ಜರಿದು ಪ್ರಧಾನ ಅರ್ಚಕರ ಮನೆಯೇ ಕೊಚ್ಚಿಹೋಯಿತು. ದಿನವೂ ದೇವರನ್ನು ಮುಟ್ಟಿ ಪೂಜೆ ಮಾಡಿದವರು. ಅದು ಯಾರ ಸ್ವಾತಂತ್ರ್ಯ?

ದೊಡ್ಡಪ್ಪ: ಹೋದವರನ್ನು ವಾದಕ್ಕೆ ಎಳೆಯಬೇಡ. ಗುಡ್ಡಗಳು ಸುಮ್ಮನೆ ಜರಿಯುವುದಿಲ್ಲ. ಕೊಡಗಿನಲ್ಲಿ ಹೋಮ್‌ಸ್ಟೇ ಕಟ್ಟುತ್ತೇವೆಂದು ಜೆಸಿಬಿ ಹತ್ತಿಸಿದವರು ಯಾರು?

ಮಡಿಕೇರಿ ಭಾವ: ಮಾವ, ಇದು ನನಗೆ ಹೇಳಿದ್ದೆಂದು ಅರ್ಥವಾಯಿತು. ಗೃಹಪ್ರವೇಶದ ದಿನವೂ ಪಾಯಸ ಕುಡಿಯುತ್ತಲೇ ಜಾಗ ಸರಿಯಿಲ್ಲ ಎಂದಿದ್ದಿರಿ.

ದೊಡ್ಡಪ್ಪ: ನಾನು ಯಾರ ಹೆಸರನ್ನೂ ಹೇಳಿಲ್ಲ.

ಈ ಬಿಸಿಯನ್ನು ಆರಿಸಲೆಂದೋ, ಅಥವಾ ಬಹಳ ದಿನಗಳಿಂದ ಹೇಳಲು ಕಾಯುತ್ತಿದ್ದುದರಿಂದಲೋ, ಚಿಕ್ಕಪ್ಪ ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರ ತೆಗೆದರು. ಅವರ ಟಿಪ್ಪಣಿ ನಿಜಕ್ಕೂ ಚೆನ್ನಾಗಿತ್ತು. ಎರಡನೆಯ ಅಧ್ಯಾಯದಲ್ಲಿ ಇದೇ ಪ್ರಶ್ನೆ ಇದೆ: ಒಬ್ಬನಿಗೆ ಸುಖ, ಒಬ್ಬನಿಗೆ ದುಃಖ ಕೊಡುವ ದೇವರು ಪಕ್ಷಪಾತಿಯಲ್ಲವೇ, ನಿರ್ದಯಿಯಲ್ಲವೇ? ಅಲ್ಲ ಎಂದು ಸೂತ್ರ; ಅವನು ಜೀವಿಗಳ ಕರ್ಮವನ್ನು ನೋಡಿ ಕೊಡುತ್ತಾನೆ. ಶಂಕರರ ಭಾಷ್ಯದ ಪ್ರಕಾರ ಈಶ್ವರ ಮಳೆಯ ಹಾಗೆ. ಮಳೆ ಎಲ್ಲ ಬೀಜಗಳಿಗೂ ಒಂದೇ. ಭತ್ತ ಭತ್ತವಾಗುವುದು, ಜವೆ ಜವೆಯಾಗುವುದು ಬೀಜದ ಗುಣದಿಂದ. ಮೊದಲ ಕರ್ಮ ಎಲ್ಲಿಂದ ಬಂತೆಂದು ಕೇಳಬೇಡಿ, ಸಂಸಾರ, ಅಂದರೆ ಹುಟ್ಟುಸಾವಿನ ಸುತ್ತು, ಅನಾದಿ ಎಂಬ ಉತ್ತರ ಮುಂದಿನ ಸೂತ್ರದಲ್ಲೇ ಇದೆ ಎಂದೂ ಸೇರಿಸಿದರು.

ಬೆಂಗಳೂರಿನ ಅಣ್ಣ: ಅನಾದಿ ಎಂದರೆ ಪ್ರಶ್ನೆಯನ್ನು ಹಿಂದಕ್ಕೆ ತಳ್ಳಿದ ಹಾಗಾಯಿತು, ಅಷ್ಟೇ.

ಚಿಕ್ಕಪ್ಪ: ಭಾಷ್ಯ ಓದಿ ಆಮೇಲೆ ಮಾತನಾಡು.

ಅತ್ತೆ ಗುಂಪಿನಲ್ಲಿ ಬರೆಯುವುದು ಅಪರೂಪ. ಕೊಡಗಿನ ಮಕ್ಕಂದೂರಿನ ಕಡೆಯವರು, 2018ರ ಆಗಸ್ಟ್‌ನಲ್ಲಿ ಮನೆ, ಕೊಟ್ಟಿಗೆ, ಕಾಫಿ ತೋಟ ಎಲ್ಲ ಮಣ್ಣಿನಡಿ ಹೋದವು. ರುಬ್ಬುವ ಕಲ್ಲೊಂದೇ ಕೆಳಗಿನ ತೋಡಿನಲ್ಲಿ ಸಿಕ್ಕಿತು.

ಅತ್ತೆ: ಮಳೆಯ ಉದಾಹರಣೆ ನನಗೆ ಬೇಡ. ಮಳೆ ಎಲ್ಲರಿಗೂ ಒಂದೇ ಎಂಬುದು ಗದ್ದೆಯಲ್ಲಿ ಸರಿ, ಇಳಿಜಾರಿನಲ್ಲಿ ಅಲ್ಲ. ಮೇಲೆ ಅಗೆದವರಿಗೆ ಇಷ್ಟದಂತೆ ಮಾಡುವ ಸ್ವಾತಂತ್ರ್ಯ ಇತ್ತು. ಬಿದ್ದದ್ದು ಕೆಳಗಿದ್ದ ನಮ್ಮ ಮೇಲೆ. ನಮ್ಮ ಇಷ್ಟವನ್ನು ಯಾರೂ ಕೇಳಿರಲಿಲ್ಲ. ಅಣ್ಣ, ನಾನು ಈಗಲೂ ದಿನಾ ದೀಪ ಹಚ್ಚುತ್ತೇನೆ. ಆದರೆ ಒಲೆಯವರೆಗೆ ಬಂದ ಮಣ್ಣನ್ನು ಏನೋ ಇಲ್ಲದಿರುವುದು ಎಂದು ನನಗೆ ಹೇಳಬೇಡಿ.

ಆ ದಿನ ವಿಷಯದ ಬಗ್ಗೆ ಬಂದ ಒಂದೇ ಒಂದು ಮಾತು ಇದು ಎಂದು ನನ್ನ ಅಭಿಪ್ರಾಯ. ಅಗಸ್ಟೀನನಿಗಾಗಲಿ ಶಂಕರರಿಗಾಗಲಿ ಇದನ್ನು ಕೇಳಿಸಿದ್ದರೆ ಸ್ವಲ್ಪ ಹೊತ್ತು ಯೋಚಿಸುತ್ತಿದ್ದರು. ನಮ್ಮವರಿಗೆ ಕಣ್ಣಿಗೆ ಬಿದ್ದದ್ದು ‘ಮೇಲೆ ಅಗೆದವರು’ ಎಂಬ ಎರಡು ಪದ ಮಾತ್ರ.

ಮಡಿಕೇರಿ ಭಾವ: ಅತ್ತೆ, ನೀವೂ ಹೀಗೆನ್ನುತ್ತೀರಾ? ನಿಮ್ಮ ಮೇಲಿನ ಜಾಗ ನನ್ನದಲ್ಲ. ಆ ವರ್ಷ ನೀವು ಮೂರು ತಿಂಗಳು ಇದ್ದದ್ದು ಇದೇ ಹೋಮ್‌ಸ್ಟೇಯಲ್ಲಿ.

ಅತ್ತೆ: ಮರೆತಿಲ್ಲ. ಊಟದ ಲೆಕ್ಕ ಬರೆದಿಟ್ಟದ್ದನ್ನೂ ಮರೆತಿಲ್ಲ.

ದೊಡ್ಡಪ್ಪ: ಯಾವ ಲೆಕ್ಕ? ಎಷ್ಟು? ಎಲ್ಲಿ ಬರೆದಿದೆ?

ಬೆಂಗಳೂರಿನ ಅಣ್ಣ: ಅಪ್ಪ ಮೂಲ ಕೇಳುತ್ತಿದ್ದಾರೆ. ದಾಖಲಿಸಿಕೊಳ್ಳಿ.

ಮಡಿಕೇರಿ ಭಾವ ಗುಂಪಿನಿಂದ ಹೊರಗೆ ಹೋದರು. ಮಧ್ಯಾಹ್ನದ ಊಟದ ಹೊತ್ತಿಗೆ ಮಡಿಕೇರಿ ಅಕ್ಕ ಅವರನ್ನು ಮತ್ತೆ ಸೇರಿಸಿ, ಲೆಕ್ಕ ಬರೆದದ್ದು ಕೆಲಸದವರ ಅಕ್ಕಿಗೆ, ಅತ್ತೆಯ ಊಟಕ್ಕಲ್ಲ ಎಂದು ಬರೆದಳು. ಪುಸ್ತಕದ ಫೋಟೊ ಹಾಕು ಎಂದರು ದೊಡ್ಡಪ್ಪ.