ಬೋರಿನ ನೀರನ್ನು ಕುದಿಸಿದರೂ ಮಕ್ಕಳಿಗೆ ಕೊಡಬೇಡಿ

ಮಂಜು, ನಲ್ಲಿ ನೀರು ಬರುವವರೆಗೆ ಬೋರಿನ ನೀರನ್ನೇ ಕುದಿಸಿ ಕುಡಿಯಿರಿ, ಕ್ಯಾನಿಗೆ ದುಡ್ಡು ಸುರಿಯಬೇಡಿ ಎಂದು ಗುಂಪಿನಲ್ಲಿ ಹೇಳಿದೆಯಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಕೇಳು. ವಹಿನಿ, ನೀವೂ ಕೇಳಿ, ನಿಮ್ಮದು ಸಣ್ಣ ಮಕ್ಕಳಿರುವ ಮನೆ.

ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಬೋರಿನ ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣಾಂಶ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚುತ್ತದೆ. ಹಂಡೆಯ ತಳಕ್ಕೆ ಕಟ್ಟುವ ಬಿಳಿ ಪದರ ಸುಣ್ಣದ್ದು. ಸವುಳು ನೀರನ್ನು ಹಾಗೆ ಗುರುತಿಸಬಹುದು. ಫ್ಲೋರೈಡ್ ಮಾತ್ರ ಕಣ್ಣಿಗೂ ಕಾಣದು, ನಾಲಿಗೆಗೂ ತಿಳಿಯದು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದ ಕಡೆ ಹೆಚ್ಚೆಂದರೆ 1.5. ನಮ್ಮ ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ಕಡೆ, ಎಷ್ಟೋ ಬೋರುಗಳು ಇದನ್ನು ಮೀರಿವೆ. ಮಕ್ಕಳ ಹಲ್ಲಿಗೆ ಫ್ಲೋರೈಡಿನ ಕಂದು ಕಲೆ ಬಿದ್ದರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದವರಿಗೆ ಮೂಳೆ, ಕೀಲುಗಳೂ ಬಿಗಿಯುತ್ತವೆ.

ದುಡ್ಡಿನ ವಿಷಯದಲ್ಲಿ ನೀನು ಹೇಳಿದ್ದು ಸರಿ. ನಮ್ಮ ಓಣಿಯ ಶುದ್ಧ ನೀರಿನ ಘಟಕದಲ್ಲಿ 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಬರುತ್ತದೆ. ಅಷ್ಟೇ ನೀರನ್ನು ಮನೆ ಬಾಗಿಲಿಗೆ ತರಿಸಿದರೆ 30 ರೂಪಾಯಿ. ದಿನಕ್ಕೊಂದು ಕ್ಯಾನ್ ಎಂದರೆ ತಿಂಗಳಿಗೆ 900. ಬೆಟಗೇರಿಯಲ್ಲಿ ಮಗ್ಗದ ಕೂಲಿ ನಂಬಿದ ಮನೆಯವರು ನೀರಿನ ಕರವನ್ನೂ ಕಟ್ಟಿ, ಮೇಲೆ ಇದನ್ನೂ ಎಲ್ಲಿಂದ ತರಬೇಕು? ನೆನೆದರೆ ಹೊಟ್ಟೆ ಉರಿಯುತ್ತದೆ.

ನಲ್ಲಿಗೆ ಬರುವುದು ಹಮ್ಮಿಗಿ ಬ್ಯಾರೇಜಿನ ತುಂಗಭದ್ರೆ ನೀರು. ಕುದಿಸಿ ಕುಡಿಯಬೇಕಾದದ್ದು ಅದನ್ನು. ಆದರೆ ಎಷ್ಟೋ ದಿನಕ್ಕೊಮ್ಮೆ ಬರುವ ಆ ಹೊಳೆ ನೀರನ್ನು ನಾವು ಬೋರಿನ ನೀರಿದ್ದ ಟ್ಯಾಂಕಿಗೇ ಬಿಡುತ್ತೇವೆ. ಎರಡೂ ಕೂಡಿದ ಮೇಲೆ ಕುದಿಸಿ ಏನು ಪ್ರಯೋಜನ? ವಹಿನಿ, ನಲ್ಲಿ ಬಂದ ದಿನ ಮೊದಲು ಕುಡಿಯುವ ನೀರಿನ ಡ್ರಮ್ ತುಂಬಿಸಿ, ಸೊಳ್ಳೆ ಹೋಗದಂತೆ ಮುಚ್ಚಳ ಬಿಗಿಮಾಡಿ. ಬಳಸಲು, ಬಟ್ಟೆ ಒಗೆಯಲು ಬೋರಿನ ನೀರು ಸಾಕು.

ಮಂಜು, ಈ ಸಲ ಊರಿಗೆ ಬಂದಾಗ ಬೋರಿನ ನೀರನ್ನು ಒಂದು ಲೀಟರ್ ತುಂಬಿಕೊಂಡು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡು. ಫ್ಲೋರೈಡ್ ಪರೀಕ್ಷೆಗೆ ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್‌ನದು ಇರಲಿ. ಫಲಿತಾಂಶ ಬರುವವರೆಗೆ ಡ್ರಮ್ಮಿನ ನೀರು ಮುಗಿದರೆ ಘಟಕದ ನೀರೇ ಆಗಲಿ. ಅವ್ವನಿಗೆ ಕ್ಯಾನ್ ಎತ್ತಲು ಆಗುವುದಿಲ್ಲ. ಕಾಕಾ, ಬೆಳಿಗ್ಗೆ ಪೇಟೆಗೆ ಹೋಗಿ ಬರುವಾಗ ನೀವೇ ಗಾಡಿಯ ಮೇಲೆ ತಂದು ಒಳಗೆ ಇಟ್ಟು ಹೋಗಿ.