ಅತಿಥಿಗಳಿಗೆ ಚೀಸ್ ಟೋಸ್ಟ್: ತಳ ಮೆತ್ತಗಾಗದಂತೆ ಮಾಡುವುದು ಹೇಗೆ?

ಪ್ರಶ್ನೆ, ಕಲಬುರಗಿಯಿಂದ

ಎಲ್ಲರಿಗೂ ಶರಣು ಶರಣಾರ್ಥಿ. ನಮ್ಮ ಯಜಮಾನರು ಈ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅದರ ನಿಮಿತ್ತ ಬರುವ ಭಾನುವಾರ ರಾತ್ರಿ ಅವರ ಸಹೋದ್ಯೋಗಿಗಳನ್ನೂ ಹತ್ತಿರದ ಬೀಗರನ್ನೂ ಸೇರಿಸಿ ಸುಮಾರು 20 ಜನರನ್ನು ಊಟಕ್ಕೆ ಕರೆದಿದ್ದೇವೆ. ರೊಟ್ಟಿ, ಎಣ್ಣೆಗಾಯಿ, ಹೋಳಿಗೆಗಳ ಬಗ್ಗೆ ನನಗೆ ಚಿಂತೆಯಿಲ್ಲ. ಊಟಕ್ಕೆ ಮೊದಲು, ಎಲ್ಲರೂ ಬಂದು ಕುಳಿತು ಮಾತನಾಡುವ ಹೊತ್ತಿನಲ್ಲಿ, ಕೈಯಲ್ಲಿ ಹಿಡಿದು ತಿನ್ನುವಂಥ ಚೀಸ್ ಟೋಸ್ಟ್ ಕೊಡಬೇಕೆಂಬುದು ಮಗಳ ಆಸೆ. (ನಮ್ಮ ಕಡೆ ಬೇಕರಿಯಲ್ಲಿ ಟೋಸ್ಟ್ ಎಂದರೆ ಚಹಾದಲ್ಲಿ ಅದ್ದಿ ತಿನ್ನುವ ಗಟ್ಟಿ ಟೋಸ್ಟನ್ನೇ ಕೊಡುತ್ತಾರೆ, ನಾನು ಕೇಳುತ್ತಿರುವುದು ಅದನ್ನಲ್ಲ.)

ಕಳೆದ ವಾರ ಒಮ್ಮೆ ಮಾಡಿ ನೋಡಿದೆ. ಬ್ರೆಡ್ಡಿನ ಮೇಲೆ ಉಳ್ಳಾಗಡ್ಡಿ, ಟೊಮ್ಯಾಟೊ, ದೊಣ್ಣೆ ಮೆಣಸಿನಕಾಯಿ ಹೆಚ್ಚಿ ಹರಡಿ, ಮೇಲೆ ಮೊಝರೆಲ್ಲಾ ಚೀಸ್ ತುರಿದು ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್ನಿನಲ್ಲಿ) ಹತ್ತು ನಿಮಿಷ ಇಟ್ಟೆ. ಚೀಸ್ ಚೆನ್ನಾಗಿಯೇ ಕರಗಿತು, ಆದರೆ ತಳ ಹಸಿಯಾಗಿ ಉಳಿಯಿತು. ತಟ್ಟೆಯಿಂದ ಒಂದು ತುಂಡನ್ನು ಎತ್ತಿದಾಗ ಅದರ ಕೆಳಗೆ ತಟ್ಟೆ ಬೆವೆತು ನೀರಾಡಿತ್ತು. ಹತ್ತು ನಿಮಿಷ ಆರಿದ ಮೇಲೆ ಕಚ್ಚಿದರೆ ಚೀಸ್ ರಬ್ಬರಿನಂತೆ ಎಳೆದು, ಮೇಲಿನ ತರಕಾರಿಯೆಲ್ಲ ಒಟ್ಟಿಗೆ ಕಿತ್ತು ಬಂತು. ತಪ್ಪು ಎಲ್ಲಿ ಆಗಿದೆ? ಎಷ್ಟು ಬ್ರೆಡ್, ಎಷ್ಟು ಚೀಸ್ ತರಬೇಕು? ಆ ಹೊತ್ತಿಗೆ ಕರೆಂಟು ಹೋದರೆ ಏನು ಮಾಡಬೇಕು? ಚೀಸ್ ಶಾಕಾಹಾರವೋ ಅಲ್ಲವೋ ಎಂದು ನಮ್ಮ ಅತ್ತೆಯವರು ಕೇಳುತ್ತಿದ್ದಾರೆ. ಅದಕ್ಕೂ ತಿಳಿದವರು ಉತ್ತರ ಹೇಳಬೇಕೆಂದು ಕೋರುತ್ತೇನೆ.

ಉತ್ತರ, ಬೀದರ್‌ನಿಂದ

ಅಕ್ಕಾ, ನಾನು ಮನೆಯಿಂದಲೇ ಸಣ್ಣ ಕಾರ್ಯಕ್ರಮಗಳಿಗೆ ತಿಂಡಿ ಮಾಡಿ ಕೊಡುತ್ತೇನೆ. ನೀವು ಹೇಳಿದ ತೊಂದರೆಯೆಲ್ಲವೂ ನೀರಿನಿಂದ ಬಂದದ್ದು. ಹಸಿ ಬ್ರೆಡ್ಡಿನ ಮೇಲೆ ಹಸಿ ಟೊಮ್ಯಾಟೊ ಇಟ್ಟು, ಅದರ ಮೇಲೆ ಚೀಸಿನ ಹೊದಿಕೆ ಹಾಕಿದಿರಿ. ಒಳಗೆ ಎದ್ದ ಹಬೆಗೆ ಮೇಲೆ ದಾರಿಯಿಲ್ಲದೆ ಅದು ಬ್ರೆಡ್ಡಿಗೇ ಇಳಿಯಿತು.

ಆದ್ದರಿಂದ ಮೊದಲು ಬ್ರೆಡ್ಡನ್ನು ಮಾತ್ರ ಹುರಿದುಕೊಳ್ಳಿ. ಆ ದಿನದ ತಾಜಾ ಬ್ರೆಡ್ಡಿಗಿಂತ ಹಿಂದಿನ ದಿನದ್ದು ಒಳ್ಳೆಯದು, ಏಕೆಂದರೆ ಅದು ಕೊಯ್ಯುವಾಗ ಹರಿಯುವುದಿಲ್ಲ. ಓಟಿಜಿಯನ್ನು 180 ಡಿಗ್ರಿಗೆ ಕಾಯಿಸಿ, ಬರೀ ಬ್ರೆಡ್ಡನ್ನು ನಡುವೆ ಒಮ್ಮೆ ಮಗುಚಿ ಐದಾರು ನಿಮಿಷ ಇಟ್ಟರೆ ಎರಡೂ ಮೈ ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಬಿಸಿ ಬ್ರೆಡ್ಡನ್ನು ಎಂದಿಗೂ ಸ್ಟೀಲ್ ತಟ್ಟೆಯ ಮೇಲೆ ಇಡಬೇಡಿ; ಜಾಲರಿ ಇಲ್ಲದಿದ್ದರೆ ನಿಮ್ಮ ರೊಟ್ಟಿ ಬುಟ್ಟಿಯೇ ಸಾಕು. ಬಿಸಿ ರೊಟ್ಟಿ ಬೆವರಬಾರದೆಂದು ನಮ್ಮ ಹಿರಿಯರು ಬುಟ್ಟಿಯಲ್ಲಿ ಹಾಕುತ್ತಿದ್ದ ಕಾರಣವೇ ಇಲ್ಲಿಯೂ ಅನ್ವಯಿಸುತ್ತದೆ. ಆರಿದ ಮೇಲೆ ಒಂದೊಂದು ಹೋಳನ್ನು ನಾಲ್ಕು ಚೌಕ ಮಾಡಿ, ಮೇಲ್ಮೈಗೆ ಅಂಚಿನವರೆಗೂ ತೆಳ್ಳಗೆ ಬೆಣ್ಣೆ ಸವರಿ. ಬೆಣ್ಣೆಯ ಆ ಪದರ ತರಕಾರಿಯ ನೀರನ್ನು ಬ್ರೆಡ್ಡಿಗೆ ಇಳಿಯಗೊಡುವುದಿಲ್ಲ. ಇಷ್ಟನ್ನು ಮಧ್ಯಾಹ್ನವೇ ಮುಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟುಕೊಳ್ಳಬಹುದು.

ಟೊಮ್ಯಾಟೊದ ಬೀಜವನ್ನೂ ತಿರುಳಿನ ನೀರನ್ನೂ ತೆಗೆದು, ಬರೀ ಗೋಡೆಯ ಭಾಗವನ್ನು ಸಣ್ಣಗೆ ಹೆಚ್ಚಿ. ಉಳ್ಳಾಗಡ್ಡಿಗೆ ಚಿಟಿಕೆ ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಚೀಸಿನಲ್ಲಿಯೇ ಉಪ್ಪು ಇರುವುದರಿಂದ ಬೇರೆ ಉಪ್ಪು ಹಾಕಬೇಡಿ.

ಇನ್ನು ಚೀಸಿನ ಮಾತು. ಮೊಝರೆಲ್ಲಾ ಮಾಡುವಾಗ ಹೆಪ್ಪುಗಟ್ಟಿದ ಹಾಲಿನ ಗಟ್ಟಿಯನ್ನು ಬಿಸಿನೀರಿನಲ್ಲಿ ನಾದಿ ಎಳೆಯುತ್ತಾರೆ. ಆದ್ದರಿಂದಲೇ ಅದು ಬಿಸಿಯಿದ್ದಾಗ ದಾರದಂತೆ ಎಳೆ ಬಿಡುತ್ತದೆ, ಆರಿದರೆ ಬಿಗಿಯುತ್ತದೆ. ಅಂಗಡಿಯಲ್ಲಿ ಕ್ಯೂಬ್, ಬ್ಲಾಕ್ ಎಂದು ಸಿಗುವ ಪ್ರಾಸೆಸ್ಡ್ ಚೀಸಿನಲ್ಲಿ ಕೊಬ್ಬೂ ನೀರೂ ಬೇರ್ಪಡದಂತೆ ಹಿಡಿದಿಡುವ ಲವಣಗಳನ್ನು ಸೇರಿಸಿರುತ್ತಾರೆ. ಹಾಗಾಗಿ ಅದು ಎಣ್ಣೆ ಬಿಡದೆ ನಯವಾಗಿ ಕರಗಿ, ಆರಿದ ಮೇಲೂ ಹಲ್ಲಿಗೆ ಮೆತ್ತಗಿರುತ್ತದೆ. ಮನೆಯ ಕೂಟದಲ್ಲಿ ಜನ ಮಾತಾಡುತ್ತಾ ನಿಧಾನವಾಗಿ ತಿನ್ನುತ್ತಾರೆ, ತಟ್ಟೆ ಆರಿಯೇ ಆರುತ್ತದೆ. ಅದಕ್ಕಾಗಿ ನಾನು ಎರಡನ್ನೂ ಸಮ ಸಮ ತುರಿದು ಬೆರೆಸುತ್ತೇನೆ. ಪನೀರ್ ತುರಿದು ಹಾಕಿದರೆ ಆಗದೇ ಎಂದು ಹಲವರು ಕೇಳುತ್ತಾರೆ. ಹುಳಿ ಹಾಕಿ ಒಡೆಸಿದ್ದಾದ್ದರಿಂದ ಅದು ಎಷ್ಟು ಕಾವು ಕೊಟ್ಟರೂ ಕರಗುವುದಿಲ್ಲ.

ಲೆಕ್ಕ ಹೀಗೆ: 20 ಜನರಿಗೆ ತಲಾ ಮೂರರಂತೆ 60 ಚೌಕ, ಅಂದರೆ 15 ಹೋಳು ಬ್ರೆಡ್. ಒಂದು ಹೋಳಿಗೆ ಸುಮಾರು 25 ಗ್ರಾಂ ಚೀಸ್ ಬೇಕು. ಅಮುಲ್ ಕ್ಯೂಬ್ ಒಂದರ ತೂಕವೇ 25 ಗ್ರಾಂ ಇರುವುದರಿಂದ ಅಂದಾಜು ಸುಲಭ. ಎರಡೂ ಬಗೆಯಲ್ಲಿ 200 ಗ್ರಾಮಿನ ಒಂದೊಂದು ಪೊಟ್ಟಣ ತಂದರೆ ಸಾಕಾಗುತ್ತದೆ. ಬ್ರೆಡ್ ಮಾತ್ರ ಒಂದು ಪೌಂಡು ಹೆಚ್ಚಿಗೆ ಇರಲಿ, ಹುರಿಯುವಾಗ ಒಂದೆರಡು ಹೋಳು ಕಪ್ಪಾಗಿಯೇ ಆಗುತ್ತವೆ.

ಅತಿಥಿಗಳು ಬಂದು ನೀರು ಕುಡಿದ ಮೇಲೆ ಚೀಸ್ ಹರಡಿ, 200 ಡಿಗ್ರಿಯಲ್ಲಿ ಮೂರರಿಂದ ಐದು ನಿಮಿಷ ಮಾತ್ರ ಇಡಿ. ಚೀಸ್ ಕರಗಿ ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದ ಕೂಡಲೇ ತೆಗೆಯಬೇಕು; ಕೆಂಪಾಗಲಿ ಎಂದು ಕಾದರೆ ಬಿಗಿಯುತ್ತದೆ. ಅರವತ್ತನ್ನೂ ಒಮ್ಮೆಗೇ ಮಾಡದೆ ಇಪ್ಪತ್ತಿಪ್ಪತ್ತರಂತೆ ಮೂರು ಸಲ ಮಾಡಿ. ನಮ್ಮ ಬೇಸಿಗೆಯಲ್ಲಿ ಚೀಸ್ ಹಾಕಿದ ತಟ್ಟೆ ಹೊರಗೆ ಒಂದು ಗಂಟೆಗಿಂತ ಹೆಚ್ಚು ಇರುವುದು ಒಳ್ಳೆಯದಲ್ಲ.

ಓಟಿಜಿಯ ಭಾರವನ್ನು ಮನೆಯ ಸಾಮಾನ್ಯ ಇನ್ವರ್ಟರ್ ಹೊರುವುದಿಲ್ಲ. ಕರೆಂಟು ಹೋದರೆ ದಪ್ಪ ತಳದ ಹಂಚನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಮೊದಲೇ ಹುರಿದಿಟ್ಟ ಚೌಕಗಳನ್ನು ಚೀಸ್ ಸಮೇತ ಜೋಡಿಸಿ, ಆಳವಾದ ಮುಚ್ಚಳ ಮುಚ್ಚಿ. ಎರಡು ನಿಮಿಷದೊಳಗೆ ಕರಗುತ್ತದೆ. ಮುಚ್ಚಳದ ಒಳಮೈ ಬೆವೆತಿದ್ದರೆ ನೇರವಾಗಿ ಮೇಲೆತ್ತದೆ ಪಕ್ಕಕ್ಕೆ ಸರಿಸಿ ತೆಗೆಯಿರಿ, ಇಲ್ಲದಿದ್ದರೆ ಹನಿಗಳು ಚೀಸಿನ ಮೇಲೆಯೇ ಬೀಳುತ್ತವೆ. ಮೈಕ್ರೋವೇವ್ ಬೇಡ, ಅದರಲ್ಲಿ ಬ್ರೆಡ್ ಮೊದಲು ಮೆತ್ತಗಾಗಿ ಆಮೇಲೆ ತೊಗಲಿನಂತಾಗುತ್ತದೆ.

ಉತ್ತರ, ಕಲಬುರಗಿಯಿಂದ

ನಿಮ್ಮ ಅತ್ತೆಯವರ ಪ್ರಶ್ನೆ ಸರಿಯಾದದ್ದೇ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಚೀಸಿಗೆ ಹಾಲನ್ನು ಹೆಪ್ಪುಗಟ್ಟಿಸಲು ರೆನೆಟ್ ಎಂಬ ಕಿಣ್ವ ಬೇಕು, ಮತ್ತು ಹಳೆಯ ಪದ್ಧತಿಯಲ್ಲಿ ಅದನ್ನು ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ಇಟಲಿಯ ಪಾರ್ಮಿಜಾನೋ ರೆಜ್ಜಾನೋ ಚೀಸಿಗೆ ಇಂದಿಗೂ ಕರುವಿನ ರೆನೆಟ್ಟನ್ನೇ ಬಳಸಬೇಕೆಂಬ ನಿಯಮವಿದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಪೊಟ್ಟಣಗಳಲ್ಲಿ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಇರುತ್ತದೆ. ಪೊಟ್ಟಣದ ಮೇಲಿನ ಹಸಿರು ಚೌಕದೊಳಗಿನ ಹಸಿರು ಚುಕ್ಕೆಯನ್ನು ಅವರ ಕೈಗೇ ಕೊಟ್ಟು ತೋರಿಸಿ. ನಮ್ಮ ತಾಯಿಯವರ ಮನಸ್ಸಿಗೆ ಸಮಾಧಾನವಾದದ್ದು ಹಾಗೆಯೇ.

ಉತ್ತರ, ಯಾದಗಿರಿಯಿಂದ

ಬೀದರಿನ ತಂಗಿ ಹೇಳಿದ್ದೆಲ್ಲವನ್ನೂ ಒಪ್ಪುತ್ತೇನೆ, ಆದರೆ ಬ್ರೆಡ್ಡೇ ಏಕೆ ಬೇಕು ಎಂಬುದು ನನ್ನ ಮಾತು. ತಳ ಒಣಗಿ ಗರಿಗರಿಯಾಗಿರಬೇಕು ಎಂಬುದಾದರೆ, ತಿಂಗಳುಗಟ್ಟಲೆ ಕೆಡದ ಖಡಕ್ ರೊಟ್ಟಿ ನಮ್ಮ ಮನೆಗಳಲ್ಲಿಯೇ ಇದೆ. ಮುರಿದರೆ ತುಂಡುಗಳು ಅಂಕುಡೊಂಕಾಗುತ್ತವೆ ಎಂಬುದೊಂದೇ ಕೊರತೆ. ಅದಕ್ಕೆ ನಾನು ಮಾಡುವ ಉಪಾಯವೆಂದರೆ, ತೆಳ್ಳಗೆ ಬಡಿದ ರೊಟ್ಟಿಯನ್ನು ಹಂಚಿನಿಂದ ತೆಗೆದು ಅದು ಇನ್ನೂ ಮೆತ್ತಗಿರುವಾಗಲೇ ಸಣ್ಣ ಬಟ್ಟಲಿನ ಅಂಚಿನಿಂದ ಒತ್ತಿ ಬಿಲ್ಲೆ ಕೊಯ್ದು, ಆಮೇಲೆ ಸಣ್ಣ ಉರಿಯಲ್ಲಿ ಒಣಗಿಸಿ ಖಡಕ್ ಮಾಡಿಕೊಳ್ಳುವುದು. ಬಿಲ್ಲೆಯ ಮೇಲೆ ತುಸು ಬೆಣ್ಣೆ, ಶೇಂಗಾ ಹಿಂಡಿ (ಚಟ್ನಿಪುಡಿ), ನೀರು ಹಿಂಡಿದ ಉಳ್ಳಾಗಡ್ಡಿ, ಮೇಲೆ ಚೀಸ್. ಓಟಿಜಿಯಲ್ಲಿ ಎರಡು ಮೂರು ನಿಮಿಷ ಸಾಕು, ರೊಟ್ಟಿ ಬೇಗ ಹೊತ್ತುತ್ತದೆ. ಹಿಂಡಿಯ ಖಾರವೂ ಬೆಳ್ಳುಳ್ಳಿಯೂ ಚೀಸಿನ ಜಿಡ್ಡನ್ನು ಕತ್ತರಿಸುವುದರಿಂದ, ಚೀಸ್ ಒಲ್ಲೆ ಎನ್ನುವ ಹಿರಿಯರೂ ಎರಡನೆಯದನ್ನು ಕೇಳುತ್ತಾರೆ. ಗೋಧಿ, ಮೈದಾ ತಿನ್ನಬಾರದವರಿಗೂ ಜೋಳದ ಬಿಲ್ಲೆ ನಡೆಯುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ನಾನು ಋಣಿ. ನಿನ್ನೆ ಸಂಜೆ ಎರಡೂ ಬಗೆಯನ್ನು ಸ್ವಲ್ಪ ಸ್ವಲ್ಪ ಮಾಡಿ ನೋಡಿದೆ. ಬ್ರೆಡ್ಡಿನ ಚೌಕವನ್ನು ಬುಟ್ಟಿಯಲ್ಲಿ ಆರಿಸಿ ಬೆಣ್ಣೆ ಸವರಿದ್ದರಿಂದ ಅರ್ಧ ಗಂಟೆಯ ನಂತರವೂ ಕಚ್ಚಿದಾಗ ಕಟ್ ಎಂದು ಸದ್ದಾಯಿತು. ಜೋಳದ ಬಿಲ್ಲೆಯ ಮೊದಲ ತಂಡ ನಾಲ್ಕು ನಿಮಿಷಕ್ಕೇ ಅಂಚು ಹೊತ್ತಿತು, ಎರಡನೆಯದನ್ನು ಎರಡೂವರೆ ನಿಮಿಷಕ್ಕೆ ತೆಗೆದೆ, ಸರಿಯಾಯಿತು. ಅತ್ತೆಯವರು ಹಸಿರು ಚುಕ್ಕೆ ನೋಡಿ ಒಂದು ಬಿಲ್ಲೆ ತಿಂದು, ಶೇಂಗಾ ಹಿಂಡಿಯ ಬದಲು ಅಗಸಿ ಹಿಂಡಿ ಹಾಕಲು ಹೇಳಿದ್ದಾರೆ. ಭಾನುವಾರಕ್ಕೆ 30 ಬ್ರೆಡ್ಡಿನವು, 30 ಜೋಳದವು ಎಂದು ನಿಶ್ಚಯಿಸಿದ್ದೇನೆ. ಬಿಲ್ಲೆಗಳನ್ನು ಶುಕ್ರವಾರವೇ ಬಡಿದಿಡುತ್ತೇನೆ.